ಮನೆಯ ವ್ಯಾಕರಣ

ಗೃಹಸ್ಥನಾದವನು ತನ್ನ ಆಯುಷ್ಯದಲ್ಲಿ ಒಂದು ಸಲ ಮನೆ ಕಟ್ಟಿಸುತ್ತಾನೆ. ಎರಡನೆಯ ಸಲ ಕಟ್ಟಿಸುವುದಕ್ಕೆ ಬೇಕಾದ ಹಣವಾಗಲಿ ಧೈರ್ಯವಾಗಲಿ ಸಾಮಾನ್ಯರಲ್ಲಿ ಉಳಿದಿರುವುದಿಲ್ಲ. ಮೂವತ್ತೈದು ವರ್ಷಗಳ ಕಾಲ ಹುಡುಗರಿಂದ ಶಬ್ದರೂಪ ಧಾತುರೂಪಗಳನ್ನು ಒಪ್ಪಿಸಿಕೊಂಡು ನಿವೃತ್ತರಾದ ನಮಗೂ ಆ ಪರೀಕ್ಷೆಯ ಕಾಲ ಈಗ ಒದಗಿದೆ. 30 ಅಡಿ ಅಗಲ 40 ಅಡಿ ಉದ್ದದ ಒಂದು ನಿವೇಶನ, ಪೂರ್ವಕ್ಕೆ ಬೀದಿ, ಕೈಯಲ್ಲಿ ನಿವೃತ್ತಿಯ ಕಾಲಕ್ಕೆ ಬಂದ ಹಣ. ಇಷ್ಟೇ ನಮ್ಮ ಸಾಮಗ್ರಿ. ತಪ್ಪಿದರೆ ತಿದ್ದಿಕೊಳ್ಳಲು ಮತ್ತೊಂದು ಗಂಟು ಎಲ್ಲಿಯೂ ಇಲ್ಲ.

ನಮ್ಮ ತಂಗಿಯ ಮಗನು ವಾಸ್ತುಶಿಲ್ಪವನ್ನು ಓದಿ ಆ ವೃತ್ತಿಯಲ್ಲಿಯೇ ಇರುವವನು. ಒಂದು ಭಾನುವಾರ ಬೆಳಿಗ್ಗೆ ತನ್ನ ಲ್ಯಾಪ್‌ಟಾಪನ್ನು ತಂದು ನಡುಮನೆಯಲ್ಲಿ ಬಿಚ್ಚಿದನು. ಕೋಣೆಗಳೆಷ್ಟು, ಯಾವುದು ಯಾವುದರ ಪಕ್ಕದಲ್ಲಿರಬೇಕು, ಬೀದಿ ಯಾವ ಕಡೆ, ನಗರಸಭೆಯವರು ಸುತ್ತ ಎಷ್ಟು ಜಾಗ ಬಿಡಿಸುತ್ತಾರೆ ಎಂಬುದನ್ನೆಲ್ಲ ಕೇಳಿಕೊಂಡು ಬೆರಳಾಡಿಸಿದನು. ಕಾಫಿಯ ಲೋಟ ಬರಿದಾಗುವಷ್ಟರಲ್ಲಿ ಪರದೆಯ ಮೇಲೆ ನಲವತ್ತು ಮನೆಗಳು ಸಾಲಾಗಿ ನಿಂತಿದ್ದವು. “ಯಾವುದು ಬೇಕೋ ಆರಿಸಿಕೊಳ್ಳಿ ಮಾವ” ಎಂದನು. ನಾವು ಬೆರಗಾಗಿ ಕುಳಿತಿರಲು, ನಮ್ಮ ಮನೆಯವರು ಕನ್ನಡಕ ಹಾಕಿಕೊಂಡು ಬಂದು ಒಂದೊಂದನ್ನೂ ನೋಡಿ, “ಇದನ್ನೆಲ್ಲ ಯಾರಪ್ಪಾ ಯೋಚನೆ ಮಾಡಿದವರು?” ಎಂದು ಕೇಳಿದರು. “ಯಾರೂ ಇಲ್ಲ ಅತ್ತೆ, ಅದೇ ಲೆಕ್ಕ ಹಾಕಿತು” ಎಂದು ಹುಡುಗನು ಹೇಳಿದನು. “ಯಾರೂ ಯೋಚನೆ ಮಾಡದ ಮನೆಗೆ ನಾವು ಹೋಗಿ ಇರಬೇಕೋ?” ಎಂದು ಅವರು ಒಳಕ್ಕೆ ಹೋದರು.

ಆ ಪ್ರಶ್ನೆಯನ್ನು ನಾವು ಸುಲಭವಾಗಿ ಕೊಡವಿಕೊಳ್ಳಲಾಗಲಿಲ್ಲ. ಲೆಕ್ಕವು ಕಲ್ಪನೆಯ ಕೆಲಸವನ್ನು ಮಾಡೀತೆ? ಮಾಡದಿದ್ದರೆ, ಕಲ್ಪಿಸುವವನಿಗೆ ಅದರಿಂದ ಯಾವ ಉಪಕಾರ? ಸೋದರಳಿಯನಿಂದ ಪುಸ್ತಕಗಳನ್ನು ಎರವಲು ಪಡೆದು ಮಳೆಗಾಲವೆಲ್ಲ ಓದಿದೆವು. ತಿಳಿಯದ ಕಡೆ ಅವನನ್ನೇ ಪೀಡಿಸಿದೆವು. ಹೊಸ ಶಾಸ್ತ್ರವೊಂದರ ಬಾಗಿಲನ್ನು ತಟ್ಟುತ್ತಿದ್ದೇವೆಂದು ಅಳುಕುತ್ತಾ ಹೋದ ನಮಗೆ ಅದರೊಳಗೆ ಎದುರಾದದ್ದು ನಮ್ಮ ಹಳೆಯ ಪರಿಚಯವಾದ ವ್ಯಾಕರಣವೇ ಎಂಬುದನ್ನು ಓದುಗರು ನಂಬಲಾರರು.

ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಸುಮಾರು 4,000 ಸೂತ್ರಗಳಿವೆ. ಅವು ಸಂಸ್ಕೃತದಲ್ಲಿರುವ ಮಾತುಗಳ ಪಟ್ಟಿಯಲ್ಲ. ಮಾತುಗಳನ್ನು ಹುಟ್ಟಿಸುವ ವಿಧಿಗಳು. ಇಂಥ ಸನ್ನಿವೇಶದಲ್ಲಿ ಇದರ ಸ್ಥಾನಕ್ಕೆ ಅದು ಬರಲಿ ಎಂಬುದೇ ಅವುಗಳಲ್ಲಿ ಬಹುಭಾಗದ ರೂಪು. ಯಣ್ ಸಂಧಿಯನ್ನು ಶಾಲೆಯಲ್ಲಿ ಕಲಿತವರು ನೆನೆಯಲಿ. ‘ಅತಿ’ ಎಂಬುದರ ಮುಂದೆ ‘ಅಂತ’ ಬಂದರೆ ಇಕಾರದ ಸ್ಥಾನದಲ್ಲಿ ಯಕಾರವು ಬಂದು ‘ಅತ್ಯಂತ’ವಾಗುತ್ತದೆ, ಅದೇ ವಿಧಿಯಿಂದಲೇ ‘ಇತ್ಯಾದಿ’, ‘ಪ್ರತ್ಯೇಕ’ ಮೊದಲಾದುವು ಹುಟ್ಟುತ್ತವೆ. ವಿಧಿಗಳು ಎಣಿಕೆಗೆ ಸಿಕ್ಕುವಷ್ಟು. ಮಾತುಗಳು ಎಣಿಕೆಗೆ ಸಿಕ್ಕದಷ್ಟು. 1957ರಲ್ಲಿ ಅಮೆರಿಕದ ನೋಮ್ ಚಾಮ್‌ಸ್ಕಿಯವರು ಸಕಲ ಭಾಷೆಗಳ ವಾಕ್ಯರಚನೆಯನ್ನೂ ಇಂಥ ಉತ್ಪಾದಕ ವಿಧಿಗಳಿಂದಲೇ ವಿವರಿಸಬೇಕೆಂದು ಒಂದು ಚಿಕ್ಕ ಪುಸ್ತಕವನ್ನು ಬರೆದು ಭಾಷಾಶಾಸ್ತ್ರದ ದಾರಿಯನ್ನೇ ತಿರುಗಿಸಿದರು. 1965ರ ತಮ್ಮ ಇನ್ನೊಂದು ಗ್ರಂಥದ ಮುನ್ನುಡಿಯಲ್ಲಿ ಪಾಣಿನಿಯ ಕೃತಿಯನ್ನೂ ಈ ಬಗೆಯ ವ್ಯಾಕರಣವೆಂದೇ ಅವರು ಸ್ಮರಿಸಿದ್ದಾರೆ.

ಮಾತಿಗೆ ವ್ಯಾಕರಣವಿರಬಹುದಾದರೆ ಆಕೃತಿಗೆ ಏಕಿರಬಾರದು? 1971ರಲ್ಲಿ ಜಾರ್ಜ್ ಸ್ಟೈನಿ, ಜೇಮ್ಸ್ ಗಿಪ್ಸ್ ಎಂಬಿಬ್ಬರು ತರುಣರು ಈ ಪ್ರಶ್ನೆಯನ್ನು ಹಾಕಿಕೊಂಡು ಆಕೃತಿ ವ್ಯಾಕರಣವೆಂಬುದನ್ನು ಸಾದರಪಡಿಸಿದರು. ಇಲ್ಲಿ ಅಕ್ಷರದ ಸ್ಥಾನದಲ್ಲಿ ಗೆರೆ, ಪದದ ಸ್ಥಾನದಲ್ಲಿ ಚಿತ್ರ. ಚೌಕವೊಂದನ್ನು ಕಂಡರೆ, ಅದರ ನಾಲ್ಕು ಪಕ್ಕಗಳ ನಟ್ಟನಡುವಿನ ಬಿಂದುಗಳನ್ನು ಸೇರಿಸಿ ಒಳಗೆ ಇನ್ನೊಂದು ಚೌಕವನ್ನು ಬರೆ: ಇದು ಒಂದು ವಿಧಿ. ಬರೆದ ಚೌಕಕ್ಕೆ ಅದೇ ವಿಧಿ ಮತ್ತೆ ಸಲ್ಲುತ್ತದೆ, ಅದರೊಳಗಿನದಕ್ಕೆ ಮತ್ತೆ. ಒಂದೇ ಸೂತ್ರದಿಂದ ಮುಗಿಯದ ಚಿತ್ರಮಾಲೆ ಹೊರಡುತ್ತದೆ. ಚೌಕವನ್ನು ಅದರ ಕೇಂದ್ರದ ಮೇಲೆಯೇ ಸ್ವಲ್ಪ ತಿರುಗಿಸಿ ಮತ್ತೆ ಬರೆ ಎಂಬುದು ಇನ್ನೊಂದು ವಿಧಿ. ಇಪ್ಪತ್ತೆರಡೂವರೆ ಅಂಶಗಳಂತೆ ತಿರುಗಿಸುತ್ತಾ ನಾಲ್ಕು ಚೌಕಗಳನ್ನು ಒಂದರ ಮೇಲೊಂದು ಬರೆದರೆ ಹದಿನಾರು ಮೂಲೆಗಳ ನಕ್ಷತ್ರವಾಗುತ್ತದೆ. ಸೋಮನಾಥಪುರದ ಕೇಶವ ದೇವಾಲಯವನ್ನು ಪ್ರದಕ್ಷಿಣೆ ಮಾಡಿದವರು ಆ ಮೂಲೆಗಳನ್ನು ಕಲ್ಲಿನಲ್ಲಿ ಕಂಡಿದ್ದಾರೆ.

ನಮ್ಮ ಗೃಹಿಣಿಯರಿಗೆ ಇದು ಹೊಸ ಮಾತೇ ಅಲ್ಲ. ಬೆಳಗಿನ ಜಾವ ಬಾಗಿಲಿಗೆ ನೀರು ಹಾಕಿ ಚುಕ್ಕಿಯಿಟ್ಟು ರಂಗವಲ್ಲಿಯನ್ನು ಎಳೆಯುವ ಹುಡುಗಿಗೆ ಪ್ರತಿಯೊಂದು ಚಿತ್ರವನ್ನೂ ಬೇರೆಬೇರೆಯಾಗಿ ಯಾರೂ ಕಲಿಸಿರುವುದಿಲ್ಲ. ಚುಕ್ಕಿಯನ್ನು ಹೇಗೆ ಬಳಸಬೇಕು, ಎಲ್ಲಿ ತಿರುಗಬೇಕು, ಹೊರಟ ಎಳೆ ಹೊರಟಲ್ಲಿಗೇ ಹೇಗೆ ಬರಬೇಕು ಎಂಬಷ್ಟನ್ನು ಅರಿತರೆ ಐದು ಚುಕ್ಕಿಯದನ್ನು ಬಲ್ಲವಳು ಹದಿನೈದು ಚುಕ್ಕಿಯದನ್ನೂ ಬರೆಯಬಲ್ಲಳು. ಮದ್ರಾಸಿನ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ, ಕಮಲಾ ಕೃತಿವಾಸನ್ ಎಂಬ ವಿದ್ವಾಂಸರು ತಮಿಳರ ಮನೆಯಂಗಳದ ಕೋಲಂ ಚಿತ್ರಗಳಿಗೆ ಗಣಿತದ ಕ್ರಮದಲ್ಲಿ ವ್ಯಾಕರಣವನ್ನು ಬರೆದು 1974ರಲ್ಲಿಯೇ ಪ್ರಕಟಿಸಿದರು. ಅಂಗಳದಲ್ಲಿ ಬಾಗಿ ಕುಳಿತ ನಮ್ಮ ತಾಯಂದಿರು ತಮಗರಿಯದೆಯೇ ಸೂತ್ರಕಾರರಾಗಿದ್ದರೆಂಬುದು ಇದರಿಂದ ಸಿದ್ಧವಾಯಿತು.

ಸ್ಟೈನಿಯವರು 1977ರಲ್ಲಿ ಚೀನದೇಶದ ಕಿಟಕಿಗಳ ಜಾಲಂಧ್ರಗಳನ್ನು ಕುರಿತು ಬರೆದ ಲೇಖನವು ನಮಗೆ ಬಹಳ ಹಿಡಿಸಿತು. ಆ ಜಾಲಂಧ್ರಗಳನ್ನು ಅಲ್ಲಿ ಬಹುಕಾಲವಿದ್ದು ಸಂಗ್ರಹಿಸಿದವರು ಡೇನಿಯಲ್ ಶೀಟ್ಸ್ ಡೈ ಎಂಬವರು. ಅವರ ಗ್ರಂಥ 1937ರಲ್ಲಿ ಅಚ್ಚಾಯಿತು. ಅವುಗಳಲ್ಲಿ ಒಂದು ಜಾತಿಯು ಕೊಳದ ಮೇಲಿನ ಹಿಮಗಡ್ಡೆ ಸೀಳಿದಂತೆ ಕಾಣುತ್ತದೆ. ಯಾವ ಎರಡು ಖಂಡಗಳೂ ಒಂದೇ ಅಳತೆಯಲ್ಲಿಲ್ಲ. ಆದರೂ ಒಟ್ಟಿನಲ್ಲಿ ಅಸ್ತವ್ಯಸ್ತವೆನ್ನಿಸುವುದಿಲ್ಲ. ಬಡಗಿಯು ಮಾಡುವುದಿಷ್ಟೆ. ಕಿಟಕಿಯ ಚೌಕಟ್ಟಿಗೆ ಒಂದು ಪಟ್ಟಿಯನ್ನು ಓರೆಯಾಗಿ ಅಡ್ಡಹಾಕಿ ಎರಡು ಮಾಡುತ್ತಾನೆ. ಆದ ಎರಡರಲ್ಲಿ ಪ್ರತಿಯೊಂದಕ್ಕೂ ಒಂದೊಂದು ಪಟ್ಟಿ. ತ್ರಿಕೋನವಾದರೆ ಹೀಗೆ ಸೀಳು, ಚತುಷ್ಕೋನವಾದರೆ ಹೀಗೆ, ಪಂಚಕೋನವಾದರೆ ಹೀಗೆ ಎಂಬ ನಾಲ್ಕಾರು ವಿಧಿಗಳಲ್ಲಿ ಎಲ್ಲವೂ ಮುಗಿಯುತ್ತದೆ. ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಸೀಳಬೇಕೆಂಬುದು ವಿಧಿ, ಎಷ್ಟು ಓರೆಯಾಗಿ, ಎಲ್ಲಿ ಎಂಬುದು ಬಡಗಿಯ ಕಣ್ಣು. ವಿಧಿಯು ಅವನ ಕೈಯನ್ನು ಕಟ್ಟಿಹಾಕಲಿಲ್ಲ. ಯಾವ ತುಂಡೂ ವ್ಯರ್ಥವಾಗದಂತೆ ಹಿಡಿದು ನಡೆಸಿತು.

ಜಾಲಂಧ್ರದಿಂದ ಮನೆಗೆ ಬರೋಣ. ಇಟಲಿಯ ಆಂದ್ರೆಯಾ ಪಲ್ಲಾದಿಯೊ (1508–1580) ವೆನಿಸ್ ನಗರದ ಆಚೀಚಿನ ಬಯಲಿನಲ್ಲಿ ಶ್ರೀಮಂತರಿಗೆ ಅನೇಕ ತೋಟದ ಮನೆಗಳನ್ನು ಕಟ್ಟಿಕೊಟ್ಟ ಮಹಾಸ್ಥಪತಿ. 1570ರಲ್ಲಿ ಅಚ್ಚಾದ ಅವರ ನಾಲ್ಕು ಭಾಗಗಳ ವಾಸ್ತುಗ್ರಂಥದಲ್ಲಿ ಆ ಮನೆಗಳ ನಕ್ಷೆಗಳೂ, ಕೋಣೆಯ ಉದ್ದಗಲಗಳ ಪ್ರಮಾಣಗಳೂ ಇವೆ. ಸ್ಟೈನಿ ಮತ್ತು ವಿಲಿಯಂ ಮಿಚೆಲ್ ಅವರು 1978ರಲ್ಲಿ ಈ ನಕ್ಷೆಗಳಿಗೆ ವ್ಯಾಕರಣವನ್ನು ಬರೆದರು. ಮೊದಲು ನಡುಗೆರೆಯ ಎರಡು ಪಕ್ಕದಲ್ಲಿಯೂ ಸಮವಾಗಿ ಚೌಕುಳಿಯನ್ನು ಹಾಕು, ಹೊರಗೋಡೆಯನ್ನೆಳೆ, ಚೌಕುಳಿಯ ಮನೆಗಳನ್ನು ಕೂಡಿಸಿ ಕೋಣೆಗಳನ್ನಾಗಿ ಮಾಡು, ಆಮೇಲೆ ಮುಖಮಂಟಪ, ಕಿಟಕಿ, ಬಾಗಿಲು. ಹೀಗೆ ಎಂಟು ಹಂತಗಳಲ್ಲಿ ವಿಧಿಗಳನ್ನು ನಡೆಸಿದರೆ ಬ್ರೆಂತಾ ನದಿಯ ದಂಡೆಯಲ್ಲಿ ಇಂದಿಗೂ ನಿಂತಿರುವ ಮಲ್‌ಕೊಂತೆಂತಾ ಎಂಬ ಮನೆಯ ನಕ್ಷೆ ಹೊರಬೀಳುತ್ತದೆ. ಬೇರೆ ದಾರಿಯಲ್ಲಿ ನಡೆಸಿದರೆ ಪಲ್ಲಾದಿಯೊ ಎಂದೂ ಕಟ್ಟದ, ಆದರೆ ಅವರದೇ ಎಂದು ತಿಳಿದವರೂ ಒಪ್ಪಬಹುದಾದ ನಕ್ಷೆಗಳು ಬರುತ್ತವೆ. ಲೆಕ್ಕದ ಮೊದಲ ಉಪಕಾರ ಇದು: ಒಬ್ಬ ಶಿಲ್ಪಿಯ ಶೈಲಿ ಎಂದು ನಾವು ತಲೆದೂಗಿ ಸುಮ್ಮನಾಗುವುದನ್ನು ಅದು ಬಿಡಿಸಿ ಹೇಳುವಂತೆ ಮಾಡುತ್ತದೆ. ಹೇಳಿದ್ದು ಸರಿಯೋ ತಪ್ಪೋ ಎಂಬುದೂ ಕೂಡಲೇ ತಿಳಿಯುತ್ತದೆ. ವಿಧಿ ತಪ್ಪಿದ್ದರೆ ಹೊರಬಿದ್ದ ಮನೆ ವಿಕಾರವಾಗಿರುತ್ತದೆ.

ಇನ್ನು ನಮ್ಮ ಉಪಾಧ್ಯಾಯ ವೃತ್ತಿಗೆ ಸಂಬಂಧಪಟ್ಟ ಕಥೆಯೊಂದನ್ನು ಹೇಳದೆ ಮುಂದೆ ಹೋಗಲಾರೆವು. ಶಿಶುವಿಹಾರಗಳ ಮೂಲಪುರುಷರಾದ ಜರ್ಮನಿಯ ಫ್ರೆಡ್ರಿಕ್ ಫ್ರಬೆಲ್ (1782–1852) ಮಕ್ಕಳಿಗಾಗಿ ಮರದ ಗುಂಡು, ಘನ, ಇಟ್ಟಿಗೆಯಾಕಾರದ ತುಂಡುಗಳನ್ನು ಮಾಡಿಸಿ, ಅವುಗಳಿಗೆ ಉಡುಗೊರೆಗಳೆಂದು ಹೆಸರಿಟ್ಟು, ಕ್ರಮವಾಗಿ ಜೋಡಿಸುವ ಆಟವನ್ನು ಕಲಿಸಿದರು. 1876ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ಪಟ್ಟಣದ ಮಹಾಪ್ರದರ್ಶನದಲ್ಲಿ ಇವುಗಳನ್ನು ಕಂಡ ಒಬ್ಬ ತಾಯಿ ತನ್ನ ಮಗನಿಗೆಂದು ತಂದಳು. ಆಕೆಯೂ ಉಪಾಧ್ಯಾಯಿನಿಯಾಗಿದ್ದವಳೇ. ಮಗನ ಹೆಸರು ಫ್ರಾಂಕ್ ಲಾಯ್ಡ್ ರೈಟ್. ಮುಂದೆ ಅಮೆರಿಕದ ಸ್ಥಪತಿಗಳಲ್ಲಿ ಅಗ್ರಗಣ್ಯರಾದ ಅವರು ಆ ಮರದ ತುಂಡುಗಳ ಸ್ಪರ್ಶ ತಮ್ಮ ಬೆರಳಿನಲ್ಲಿ ಕೊನೆಯವರೆಗೂ ಉಳಿದಿತ್ತೆಂದು ಹೇಳಿಕೊಂಡಿದ್ದಾರೆ. ಮೂವತ್ತೈದು ವರ್ಷ ಪಾಠ ಹೇಳಿದ ನಾವು ಯಾವ ಹುಡುಗನ ಬೆರಳಿನಲ್ಲಿ ಏನನ್ನು ಉಳಿಸಿದೆವೋ ದೇವರೇ ಬಲ್ಲ.

ಸ್ಟೈನಿಯವರು 1980ರಲ್ಲಿ ಈ ಉಡುಗೊರೆಗಳ ಜೋಡಣೆಗೇ ವ್ಯಾಕರಣವನ್ನು ಬರೆದರು. ಮರುವರ್ಷ ಹ್ಯಾಂಕ್ ಕೋನಿಂಗ್, ಜೂಲಿ ಐಜೆನ್‌ಬರ್ಗ್ ಎಂಬವರು ರೈಟರ ಹುಲ್ಲುಗಾವಲಿನ ಮನೆಗಳೆಂದು ಪ್ರಸಿದ್ಧವಾದುವುಗಳಿಗೆ ವ್ಯಾಕರಣವನ್ನು ಕಟ್ಟಿದರು. ಆ ಮನೆಗಳೆಲ್ಲ ಬಯಲಿಗೆ ಹೊಂದುವಂತೆ ಉದ್ದುದ್ದಕ್ಕೆ ಚಾಚಿ, ತಗ್ಗಾದ ಸೂರುಗಳನ್ನು ಹೊರಕ್ಕೆ ಹರಡಿ ಕುಳಿತಿರುತ್ತವೆ. ಅವುಗಳ ಬೀಜವೆಲ್ಲಿದೆ ಎಂದು ಹುಡುಕಿದ ಇವರಿಗೆ ಸಿಕ್ಕಿದ್ದು ಅಗ್ಗಿಷ್ಟಿಕೆ! ಮೊದಲ ವಿಧಿಯು ಅಗ್ಗಿಷ್ಟಿಕೆಯನ್ನು ನೆಲೆಗೊಳಿಸುತ್ತದೆ. ಅದರ ಸುತ್ತ ಕುಳಿತುಕೊಳ್ಳುವ ಭಾಗ, ಊಟ ಉಪಚಾರದ ಭಾಗ ಎಂದು ಒಂದೊಂದೇ ಇಟ್ಟಿಗೆಯನ್ನು ಫ್ರಬೆಲರ ಮಗುವಿನಂತೆ ಕೂಡಿಸುತ್ತಾ ಹೋಗಬೇಕು. ಒಲೆಯಿಂದ ಮನೆ ಹುಟ್ಟುತ್ತದೆ ಎಂದು ಇದನ್ನು ನಮ್ಮ ಮನೆಯವರಿಗೆ ಹೇಳಿದಾಗ, “ಅದಕ್ಕೆ ಅಮೆರಿಕದ ತನಕ ಹೋಗಬೇಕಾಗಿತ್ತೆ?” ಎಂದರು.

ಈ ವಿಧಿಗಳಿಂದ ರೈಟರು ಕಟ್ಟಿದ ಮನೆಗಳೂ ಬಂದವು, ಕಟ್ಟದಿದ್ದ ಹೊಸ ಮನೆಗಳೂ ಬಂದವು. ಇಲ್ಲಿಗೆ ಯಂತ್ರವೇ ರೈಟರಾಯಿತೆಂದು ಅವಸರಪಡುವವರು ಒಂದು ಸಂಗತಿಯನ್ನು ನೋಡಬೇಕು. 1910ರ ಸುಮಾರಿನ ರೈಟರು ಬರೆಯಬಹುದಾಗಿದ್ದ ಮನೆಯನ್ನು ಈ ವ್ಯಾಕರಣವು ಹೇಳಬಲ್ಲದು. ಆದರೆ ಅದೇ ರೈಟರು 1935ರಲ್ಲಿ, ಅರುವತ್ತೆಂಟನೆಯ ವಯಸ್ಸಿನಲ್ಲಿ, ಪೆನ್ಸಿಲ್ವೇನಿಯಾದ ಕಾಡಿನ ತೊರೆಯೊಂದರ ಮೇಲೆಯೇ ಮನೆಯನ್ನು ಚಾಚಿ ನಿಲ್ಲಿಸುವ ಫಾಲಿಂಗ್‌ವಾಟರ್ ಎಂಬ ಸೋಜಿಗವನ್ನು ಕಲ್ಪಿಸಿದರು. ಹಳೆಯ ಮನೆಗಳ ವಿಧಿಗಳನ್ನು ಎಷ್ಟು ಸಲ ತಿರುಗಿಸಿದರೂ ಅದು ಹೊರಬೀಳುವುದಿಲ್ಲ. ಅದಕ್ಕೆ ವಿಧಿಗಳೇ ಬದಲಾಗಬೇಕಾಗಿತ್ತು, ಬದಲಾಯಿಸಿದವರು ಅವರು. ವಯಸ್ಸಾದವರಿಗೆ ಇದು ಸಮಾಧಾನದ ವಾರ್ತೆಯೇ ಸರಿ.

ವಿಧಿಗಳಲ್ಲಿ ಎರಡು ಬಗೆ ಎಂಬುದನ್ನು ನಾವು ತಡವಾಗಿ ತಿಳಿದುಕೊಂಡೆವು. ಇದುವರೆಗೆ ಹೇಳಿದುವು ಹುಟ್ಟಿಸುವ ವಿಧಿಗಳು. ಇನ್ನೊಂದು ಬಗೆಯವು ಹುಟ್ಟಿದ್ದನ್ನು ಪರೀಕ್ಷಿಸುವುವು. ನಮ್ಮ ವಾಸ್ತುಗ್ರಂಥಗಳ ಆಯಾದಿ ಲೆಕ್ಕವು ಈ ಎರಡನೆಯ ಜಾತಿಯದು. ಮನೆಯ ಸುತ್ತಳತೆಯನ್ನು ಮೂರರಿಂದ ಗುಣಿಸಿ ಎಂಟರಿಂದ ಭಾಗಿಸಿ, ಉಳಿದ ಶೇಷದಿಂದ ಯೋನಿಯನ್ನು ಹೇಳುವುದು ಕೇರಳದಲ್ಲಿ ಪ್ರಸಿದ್ಧವಾದ ಕ್ರಮ. ಒಂದು, ಮೂರು, ಐದು, ಏಳು ಉಳಿದರೆ ಧ್ವಜ, ಸಿಂಹ, ವೃಷಭ, ಗಜವೆಂದು ಗ್ರಾಹ್ಯ. ಸಮಸಂಖ್ಯೆ ಉಳಿದರೆ ತ್ಯಾಜ್ಯ. ಸುತ್ತಳತೆ 35 ಕೋಲಾದರೆ ಗುಣಲಬ್ಧ 105. ಎಂಟರಿಂದ ಭಾಗಿಸಿದರೆ ಒಂದು ಉಳಿಯಿತು, ಸಂತೋಷ. 36 ಕೋಲಾದರೆ 108. ಉಳಿಯುವುದು ನಾಲ್ಕು, ಬಿಡಬೇಕು. ಇದರಿಂದ ಶುಭಾಶುಭಗಳು ಒದಗುವುವೆಂದು ನಾವು ವಾದಿಸಲು ಹೊರಟಿಲ್ಲ. ಆ ಲೆಕ್ಕವು ನಕ್ಷೆಯನ್ನು ಬರೆಯುವುದಿಲ್ಲ, ಬರೆದುಕೊಂಡು ಬಂದ ನಕ್ಷೆಗೆ ಹೌದು ಅಲ್ಲ ಎನ್ನುತ್ತದೆ ಎಂಬಷ್ಟೇ ನಮ್ಮ ಅಭಿಪ್ರಾಯ. ಇಂದಿನ ಗಣಕಯಂತ್ರವು ಬಿಸಿಲು ಎಷ್ಟು ಗಂಟೆ ಬರುತ್ತದೆ, ಗಾಳಿ ಯಾವ ಕಡೆಯಿಂದ ಆಡುತ್ತದೆ, ತೊಲೆ ಭಾರವನ್ನು ತಡೆಯುತ್ತದೆಯೇ ಎಂದು ಪರೀಕ್ಷಿಸುವುದೂ ಇದೇ ಸ್ಥಾನದ ಕೆಲಸ. ಪ್ರಶ್ನೆಗಳು ಮಾತ್ರ ಲೌಕಿಕವಾದುವು.

ನಮ್ಮ ಸೋದರಳಿಯನ ನಲವತ್ತು ಮನೆಗಳು ಹುಟ್ಟಿದ್ದು ಈ ಎರಡನ್ನೂ ಹೊಲಿದು. ಎಂಟು ಕೋಣೆಗಳನ್ನು ಎಂಟು ಸ್ಥಾನಗಳಲ್ಲಿ ಇಡುವ ಕ್ರಮಗಳು 40,320 ಆಗುತ್ತವೆ, ಹತ್ತಾದರೆ 36,28,800. ಮನುಷ್ಯನು ಇವನ್ನೆಲ್ಲ ನೋಡಲಾರ. ಯಂತ್ರವು ಕೆಲವನ್ನು ಹುಟ್ಟಿಸಿ, ಪರೀಕ್ಷಿಸಿ, ಅಂಕ ಹೆಚ್ಚು ಬಂದುವನ್ನು ಉಳಿಸಿಕೊಂಡು, ಅವುಗಳ ಗುಣಗಳನ್ನು ಬೆರೆಸಿ ಮತ್ತೆ ಹುಟ್ಟಿಸುತ್ತದೆ, ರೈತನು ಒಳ್ಳೆಯ ತೆನೆಯನ್ನು ಬೀಜಕ್ಕಿಡುವ ಹಾಗೆ. ಆದರೆ ಅಂಕ ಕೊಡುವ ಸೂತ್ರವನ್ನು ಬರೆದವನಾರು? ಅತ್ತೆಗೆ ಮಂಡಿನೋವೆಂದು ಕನಿಕರಪಟ್ಟು ಹುಡುಗನು, ಮನೆಯಲ್ಲಿ ನಡೆಯಬೇಕಾದ ದೂರ ಆದಷ್ಟು ಕಡಿಮೆಯಾಗಲಿ ಎಂದು ಬರೆದಿದ್ದನು. ಯಂತ್ರವು ವಿಧೇಯ ಶಿಷ್ಯನಂತೆ ಆ ಮಾತನ್ನು ನಡೆಸಿತು. ಮೊದಲ ಸ್ಥಾನದಲ್ಲಿದ್ದ ಮನೆಯಲ್ಲಿ ಪಾಯಿಖಾನೆಯ ಬಾಗಿಲು ನೇರವಾಗಿ ಅಡಿಗೆಮನೆಗೆ ತೆರೆಯುತ್ತಿತ್ತು. ದೇವರ ಮನೆ ಅದಕ್ಕೆ ಬೆನ್ನು ಕೊಟ್ಟಿತ್ತು. ಜಗಲಿ ಎಂಬುದು ಮಾಯವಾಗಿತ್ತು. ನಡೆಯುವ ದೂರವೇನೋ ನಿಜವಾಗಿ ಕಡಿಮೆಯೇ. ಹೇಳದೆ ಬಿಟ್ಟದ್ದನ್ನು ತಾನಾಗಿ ತಿಳಿದುಕೊಳ್ಳುವುದು ಆ ಶಿಷ್ಯನಿಗೆ ಬಾರದು.

ಹೇಳಬೇಕಾದುದನ್ನೆಲ್ಲ ಹೇಳಿಬಿಟ್ಟರೆ? ಹಾಗೆ ಮಾಡಹೊರಟ ಒಬ್ಬರು ಮಹಾನುಭಾವರು ಕ್ರಿಸ್ಟೋಫರ್ ಅಲೆಗ್ಸಾಂಡರ್ (1936–2022). ಗುಜರಾತಿನ ಹಳ್ಳಿಯೊಂದರಲ್ಲಿ ಕೆಲವು ತಿಂಗಳು ವಾಸಿಸಿದ್ದ ಅವರು, ಆರುನೂರು ಜನರ ಒಂದು ಭಾರತೀಯ ಗ್ರಾಮವನ್ನು ಹೊಸದಾಗಿ ಹೇಗೆ ರೂಪಿಸಬೇಕೆಂಬುದನ್ನೇ ಉದಾಹರಣೆಯಾಗಿಟ್ಟುಕೊಂಡು 1964ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಗ್ರಾಮದ ಅಗತ್ಯಗಳನ್ನು 141 ಎಂದು ಪಟ್ಟಿಮಾಡಿದರು. ಮನೆಯ ಬಾಗಿಲು ದಕ್ಷಿಣಕ್ಕಿರಬಾರದೆಂಬ ನಿಯಮ, ಹಬ್ಬಗಳಿಗೆ ಬೇಕಾದ ಸ್ಥಳ, ಹೆಣಕ್ಕೆ ಸಂಸ್ಕಾರ ಎಲ್ಲವೂ ಅದರಲ್ಲಿದ್ದುವು. ಯಾವ ಅಗತ್ಯವು ಯಾವುದರೊಡನೆ ತೊಡಕಿಕೊಂಡಿದೆ ಎಂದು ಗುರುತುಹಾಕಿ, ಕಡಿಮೆ ತೊಡಕಿರುವ ಕಡೆ ಬಿಡಿಸಿ, ಎಲ್ಲವನ್ನೂ ಹನ್ನೆರಡು ಗುಂಪುಗಳಾಗಿ ಒಡೆದರು. ಇಂಥ ಬಿಡಿಸುವಿಕೆಗೆ ಐ.ಬಿ.ಎಂ. 7090 ಎಂಬ, ಆ ಕಾಲದ ಕೋಣೆತುಂಬುವ ಗಣಕಯಂತ್ರವನ್ನು ಹಚ್ಚಿದ್ದರು. ಗುಂಪುಗುಂಪಾಗಿ ಚಿತ್ರ ಬರೆದು ಕೊನೆಗೆ ಕೂಡಿಸಿದರೆ ಗ್ರಾಮವಾಗುವುದೆಂದು ಅವರ ಎಣಿಕೆ.

ಆ ಪಟ್ಟಿಯನ್ನು ಓದುತ್ತಾ ನಾವು ಮೊದಲ ಸಾಲಿನಲ್ಲಿಯೇ ತಡೆದು ನಿಂತೆವು. ಹರಿಜನರನ್ನು ಅಸ್ಪೃಶ್ಯರೆಂದು ಎಣಿಸುವ ಆಚಾರವೇ ಅಲ್ಲಿ ಮೊದಲನೆಯ ಸಂಖ್ಯೆ. ಕಂಡದ್ದನ್ನು ಕಂಡಂತೆ ಬರೆದರೆಂಬುದು ನಿಜ. ಆದರೆ 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನವು ತೊಡೆದುಹಾಕಿದ ಅನ್ಯಾಯವೂ, ಕುಡಿಯುವ ನೀರೂ ಲೆಕ್ಕದಲ್ಲಿ ಒಂದೊಂದು ಸಂಖ್ಯೆಯಾಗಿ ಸಮನಾಗಿ ಕುಳಿತವು. ಯಾವ ಅಗತ್ಯವನ್ನು ಪೂರೈಸಬೇಕು, ಯಾವುದನ್ನು ಪೂರೈಸಲೇಬಾರದು ಎಂಬ ವಿವೇಕವು ಕೂಡು ಕಳೆಯುವ ಯಂತ್ರಕ್ಕೆ ಎಲ್ಲಿಂದ ಬರಬೇಕು? ಅಲೆಗ್ಸಾಂಡರರ ಪ್ರಾಮಾಣಿಕತೆಯನ್ನು ಮಾತ್ರ ಮೆಚ್ಚಬೇಕು. 1971ರ ಮರುಮುದ್ರಣದ ಮುನ್ನುಡಿಯಲ್ಲಿ, ವಿನ್ಯಾಸದ ವಿಧಾನವೆಂಬುದನ್ನೇ ಪ್ರತ್ಯೇಕ ಶಾಸ್ತ್ರವಾಗಿ ಅಭ್ಯಾಸಮಾಡುವುದನ್ನು ತಾವು ಒಪ್ಪುವುದಿಲ್ಲವೆಂದು ತಮ್ಮ ಶಿಷ್ಯರನ್ನೇ ಬೆಚ್ಚಿಬೀಳಿಸಿದರು. 1977ರಲ್ಲಿ ಸಂಗಡಿಗರೊಡನೆ ಹೊರತಂದ ದೊಡ್ಡ ಗ್ರಂಥದಲ್ಲಿ ಗಣಕವಿಲ್ಲ. ಊರಿನಿಂದ ಹಿಡಿದು ಕಿಟಕಿಯವರೆಗೆ 253 ಮಾದರಿಗಳು ಗೃಹಸ್ಥನಿಗೆ ತಿಳಿಯುವ ಮಾತಿನಲ್ಲಿವೆ. ಪ್ರತಿಯೊಂದು ಕೋಣೆಗೂ ಎರಡು ಪಕ್ಕಗಳಿಂದ ಬೆಳಕು ಬರಲಿ ಎಂಬುದು ಅವುಗಳಲ್ಲಿ ಒಂದು. ಮನೆ ಕಟ್ಟಿಸುವ ಓದುಗರು ಇದೊಂದನ್ನಾದರೂ ನೆನಪಿನಲ್ಲಿಟ್ಟುಕೊಂಡರೆ ಮೋಸವಿಲ್ಲ.

2022ರಿಂದೀಚೆಗೆ ಮಾತಿನಲ್ಲಿ ವರ್ಣಿಸಿದರೆ ಮನೆಯ ಚಿತ್ರವನ್ನು ಬಣ್ಣಬಣ್ಣವಾಗಿ ಬರೆದುಕೊಡುವ ಯಂತ್ರಗಳು ಎಲ್ಲರ ಕೈಗೂ ಬಂದಿವೆ. ಹುಡುಗನು ನಮಗೂ ತೋರಿಸಿದನು. ಚಿತ್ರ ಬಹಳ ಮನೋಹರ. ಮೆಟ್ಟಿಲು ಮಾತ್ರ ಗೋಡೆಗೆ ಹೋಗಿ ಮುಗಿದಿತ್ತು. ಅಸಂಖ್ಯ ಚಿತ್ರಗಳನ್ನು ಕಂಡು ಅವುಗಳ ಛಾಯೆಯಲ್ಲಿ ಬರೆಯುವುದರಿಂದ ಹೀಗಾಗುವುದಂತೆ. ಕಥೆ ಹೇಳುವುದಕ್ಕೆ ಅದು ಚೆನ್ನು, ಕಟ್ಟುವುದಕ್ಕೆ ಸಾಲದು ಎಂದು ಅಲ್ಲಿಗೆ ಬಿಟ್ಟೆವು.

ಇನ್ನು ಕಲ್ಪನೆ ಎಂಬುದು ನಡೆಯುವುದಾದರೂ ಹೇಗೆ? ಡೊನಾಲ್ಡ್ ಶೋನ್ ಎಂಬ ಅಮೆರಿಕದ ವಿದ್ವಾಂಸರು 1983ರಲ್ಲಿ ಬರೆದ ಗ್ರಂಥದಲ್ಲಿ, ಗುರುವೊಬ್ಬರು ವಿದ್ಯಾರ್ಥಿನಿಯೊಬ್ಬಳ ನಕ್ಷೆಯನ್ನು ತಿದ್ದುವ ಸನ್ನಿವೇಶವನ್ನು ಮಾತುಮಾತಿಗೂ ಪರಿಶೀಲಿಸಿದ್ದಾರೆ. ಇಳಿಜಾರಿನ ನೆಲದಲ್ಲಿ ಮಕ್ಕಳ ಶಾಲೆ. ಆರು ತರಗತಿಗಳು ಬಿಡಿಬಿಡಿಯಾಗಿ ನಿಲ್ಲಲೊಲ್ಲವು. ಆಕೆ ಎರಡೆರಡು ತರಗತಿಗಳನ್ನು ಮೂಲೆಗೂಡಿಸಿ ಮೂರು ಮಾಡುತ್ತಾಳೆ. ಗುರುಗಳು ಅದನ್ನು ಇಳಿಜಾರಿನಲ್ಲಿ ಇಳಿಸುತ್ತಾ ಬರೆಯುತ್ತಾರೆ. ಬರೆದ ಗೆರೆ ತಾನು ಎಣಿಸದಿದ್ದ ಇನ್ನೇನನ್ನೋ ತೋರಿಸುತ್ತದೆ. ಅದನ್ನು ನೋಡಿ ಮುಂದಿನ ಗೆರೆ. ಬರೆಯುವವನು ಕಾಗದದೊಡನೆ ಸಂಭಾಷಣೆ ನಡೆಸುತ್ತಾನೆ, ಕಾಗದವು ಮರುಮಾತಾಡುತ್ತದೆ ಎಂದು ಶೋನರ ಅಭಿಪ್ರಾಯ.

ಸ್ಟೈನಿಯವರ ಕೊನೆಗಾಣದ ತಕರಾರು ಇದೇ ಸ್ಥಳದಲ್ಲಿ. ಓದುಗರು ಒಂದು ಚೌಕವನ್ನು ಬರೆದು, ಅಷ್ಟೇ ಅಳತೆಯ ಇನ್ನೊಂದನ್ನು ಅದರ ಮೂಲೆಯ ಮೇಲೆ ಅರ್ಧ ಬರುವಂತೆ ಓರೆಯಾಗಿ ಸರಿಸಿ ಬರೆಯಲಿ. ಬರೆದದ್ದು ಎರಡು, ಕಾಣುವುದು ಮೂರು. ನಡುವೆ ಚಿಕ್ಕ ಚೌಕವೊಂದು ತಾನಾಗಿ ಕುಳಿತಿದೆ. ಎಡಕ್ಕೂ ಬಲಕ್ಕೂ ಮೊಣಕೈ ಮಡಿಸಿದಂಥ ಎರಡು ಆಕೃತಿಗಳೂ ಇವೆ. ಮಗುವೂ ಇದನ್ನು ಕಾಣುತ್ತದೆ. ಯಂತ್ರವೋ? 1963ರಲ್ಲಿ ಐವಾನ್ ಸದರ್‌ಲ್ಯಾಂಡ್ ಎಂಬವರು ಬೆಳಕಿನ ಲೇಖನಿಯಿಂದ ಪರದೆಯ ಮೇಲೆ ಚಿತ್ರ ಬರೆಯುವ ಯಂತ್ರವನ್ನು ಸಿದ್ಧಪಡಿಸಿದ ಕಾಲದಿಂದಲೂ ಅದು ಗೆರೆಗಳನ್ನು ಬರೆದವನು ಹೇಗೆ ಕೊಟ್ಟನೋ ಹಾಗೆಯೇ ಗಂಟುಕಟ್ಟಿ ಇಟ್ಟುಕೊಳ್ಳುತ್ತದೆ. ಎರಡು ಚೌಕ ಕೊಟ್ಟರೆ ಅದರ ಭಂಡಾರದಲ್ಲಿ ಎರಡೇ ಚೌಕ. ಆದುದರಿಂದಲೇ ಸ್ಟೈನಿಯವರು, ಒಂದು ಗೆರೆಯೊಳಗೆ ಅದರ ಸಕಲ ತುಂಡುಗಳೂ ಅಡಗಿವೆ, ಕಣ್ಣು ಯಾವ ತುಂಡನ್ನು ಬೇಕಾದರೂ ಹೊಸದಾಗಿ ಆರಿಸಿಕೊಳ್ಳಬಹುದು ಎಂಬ ತತ್ತ್ವದ ಮೇಲೆ ತಮ್ಮ ಗಣಿತವನ್ನು ಕಟ್ಟಿದರು. 2006ರ ಅವರ ಗ್ರಂಥದ ತಿರುಳು ಇದು. ನಾವು ಅದನ್ನು ಮೂರು ಸಲ ಓದಿ ಅರ್ಧ ತಿಳಿದುಕೊಂಡೆವು. ಉಳಿದ ಅರ್ಧವು ಪುಸ್ತಕದಿಂದ ಬರಲಿಲ್ಲ.

ನಲವತ್ತು ಮನೆಗಳಲ್ಲಿ ಏಳನೆಯದೂ ಇಪ್ಪತ್ತಮೂರನೆಯದೂ ನಮ್ಮ ಮನೆಯವರಿಗೆ ಅಷ್ಟಿಷ್ಟು ಒಪ್ಪಿಗೆಯಾಗಿದ್ದುವು. ಏಳನೆಯದರಲ್ಲಿ ನಡುಮನೆ ಬೀದಿಯ ಕಡೆಗಿತ್ತು. ಇಪ್ಪತ್ತಮೂರನೆಯದರಲ್ಲಿ ಹಿಂದಕ್ಕೆ ಸರಿದು ಅಡಿಗೆಮನೆಗೆ ಸೇರಿಕೊಂಡಿತ್ತು. ಎರಡನ್ನೂ ಅಚ್ಚುಹಾಕಿಸಿ ತರಿಸಿಕೊಂಡರು. ಒಂದು ಮಧ್ಯಾಹ್ನ, ಕಸೂತಿಯ ಮಾದರಿಯನ್ನು ಎತ್ತಿಕೊಳ್ಳುವಾಗ ಮಾಡುವಂತೆ, ಎರಡು ಕಾಗದಗಳನ್ನೂ ಒಂದರ ಮೇಲೊಂದಿಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿದು ನೋಡುತ್ತಿದ್ದರು. ಹುಡುಗನೂ ಅಲ್ಲಿಯೇ ಇದ್ದನು. ಎರಡು ನಡುಮನೆಗಳು ಒಂದರ ಮೇಲೊಂದು ಹಾಯ್ದ ಕಡೆ ಸುಮಾರು ಎಂಟು ಅಡಿ ಒಂಬತ್ತು ಅಡಿಯ ಒಂದು ಚೌಕ ಬಿದ್ದಿತ್ತು. ಅದು ಏಳನೆಯದರಲ್ಲಿಯೂ ಇಲ್ಲ, ಇಪ್ಪತ್ತಮೂರನೆಯದರಲ್ಲಿಯೂ ಇಲ್ಲ.

“ಇದೇನಪ್ಪಾ ಇದು, ನಮ್ಮಪ್ಪನ ಮನೆಯ ತೊಟ್ಟಿಯ ಹಾಗಿದೆ! ಇಲ್ಲಿ ಮೇಲಿನಿಂದ ಬೆಳಕು ಬಿಟ್ಟರೆ ಆಗುವುದಿಲ್ಲವೆ?” ಎಂದರು.

ಹುಡುಗನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕಾಗದವನ್ನು ಇಸಿದುಕೊಂಡು ಆ ಚೌಕವನ್ನು ಯಂತ್ರಕ್ಕೆ ಕೊಟ್ಟನು. ಈಗ ಯಂತ್ರವು ತನ್ನ ನಿಜವಾದ ಬೆಲೆಯನ್ನು ತೋರಿಸಿತು. ವರ್ಷದ ಯಾವ ತಿಂಗಳಲ್ಲಿ ಯಾವ ಗೋಡೆಗೆ ಬಿಸಿಲು ಬೀಳುತ್ತದೆ, ಮಳೆಯ ನೀರು ಎಲ್ಲಿ ಹೊರಕ್ಕೆ ಹೋಗಬೇಕು, ಸುತ್ತಿನ ತೊಲೆಗಳು ಎಷ್ಟು ದಪ್ಪವಿರಬೇಕು ಎಂಬುದನ್ನೆಲ್ಲ ಸಂಜೆಯೊಳಗಾಗಿ ಹೇಳಿತು. ಊಟದ ಕೋಣೆಗೆ ಎರಡನೆಯ ಪಕ್ಕದಿಂದ ಬೆಳಕು ಸಿಕ್ಕಿತು. ಅಡಿಗೆಮನೆಯಲ್ಲಿ ನಿಂತರೆ ಬೀದಿಯ ಬಾಗಿಲು ಕಾಣುತ್ತದೆ. ಮಂಡಿನೋವಿನವರು ಯಾರು ಬಂದರೆಂದು ಎದ್ದು ಹೋಗಿ ನೋಡಬೇಕಾಗಿಲ್ಲ. ನಡೆಯುವ ದೂರವು ಲೆಕ್ಕದಲ್ಲಿ ಹೆಚ್ಚಾಗಿ, ಬಳಕೆಯಲ್ಲಿ ಕಡಿಮೆಯಾಯಿತು.

ಜಾಗವು ಆಕಾಶದಿಂದ ಇಳಿಯುವುದಿಲ್ಲವಷ್ಟೆ. ತೊಟ್ಟಿಗೆ ಬೇಕಾದದ್ದನ್ನು ನಮ್ಮ ಪುಸ್ತಕದ ಕೋಣೆಯಿಂದ ತೆಗೆದುಕೊಂಡರು. ನಾಲ್ಕು ಕಪಾಟುಗಳಲ್ಲಿ ಎರಡಕ್ಕೆ ಅಲ್ಲಿ ಸ್ಥಳವಿಲ್ಲ. ಅವನ್ನು ತೊಟ್ಟಿಯ ಸುತ್ತಿನ ಗೋಡೆಗೆ ನಿಲ್ಲಿಸಬಹುದೆಂದು ಹುಡುಗನು ಹೇಳುತ್ತಾನೆ. ನೈಋತ್ಯ ಮಳೆಯ ಎರಚಲು ಕೌಮುದಿಯ ಸಂಪುಟಗಳವರೆಗೆ ಬರುವುದೋ ಇಲ್ಲವೋ ಎಂಬ ಲೆಕ್ಕವು ಇನ್ನೂ ನಡೆಯುತ್ತಿದೆ. ಸೂರನ್ನು ಒಂದೂವರೆ ಅಡಿ ಮುಂದಕ್ಕೆ ಚಾಚಿದರೆ ಸಾಕೆಂದು ಯಂತ್ರದ ಮತ. ಎರಡು ಅಡಿ ಇರಲಿ ಎಂದು ನಮ್ಮ ಮನೆಯವರ ಮತ. ತಳಪಾಯ ತೋಡಲು ಬರುವ ತಿಂಗಳು ಆಳುಗಳು ಬರುತ್ತಾರೆ.